ಮಮತಾ, ಮಾಲಿನಿಯರ ನಡುವಿನ ಸಾಲು

ಮೊನ್ನೆ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಹೆಂಗಸೊಬ್ಬಳು ನನ್ನ ಪಕ್ಕದ ಬೆಂಚಿನ ಮೇಲೆ ಬುಟ್ಟಿ ಇಳಿಸಿದಳು. ಮೇಲಿನ ಒದ್ದೆ ಬಟ್ಟೆ ಸರಿಸಿದ್ದೇ ತಡ, ಸುರಗಿಯ ವಾಸನೆ ಬಂತು. ಒಣಗಿದಷ್ಟೂ ವಾಸನೆ ಹೆಚ್ಚುವ ಹೂವು ಅದು. ನಮ್ಮ ಕಡೆ ಹೆಂಗಸರು ದಂಡೆ ಕಟ್ಟಿ, ಒಣಗಿಸಿ, ಟ್ರಂಕಿನಲ್ಲಿಟ್ಟುಕೊಂಡು ಎಷ್ಟೋ ಕಾಲ ಮುಡಿಯುತ್ತಾರೆ. ಹೊನ್ನಾವರದ ಬಸ್ಸು ಬಂದು ನಿಂತಿತು, ಕಂಡಕ್ಟರು ಕೂಗಿದ, ಬಸ್ಸು ಹೊರಟೂ ಹೋಯಿತು. ನಾನು ಕೂತಲ್ಲೇ ಇದ್ದೆ. ಕಿಟಕಿ ಮುಚ್ಚಿದ ಒಂದು ಕೋಣೆ, ಕಂಪ್ಯೂಟರಿನ ಪರದೆ, ಪಕ್ಕದ ಕುರ್ಚಿಯಲ್ಲಿ ನಮ್ಮ ಮಾಸ್ತರು... ಒಂದು ಹೂವೂ ಇಲ್ಲದ ಆ ಕೋಣೆಯೊಳಗೆ ಇದೇ ವಾಸನೆ ತುಂಬಿಕೊಂಡಿದ್ದ ಒಂದು ಬೆಳಗ್ಗೆ.

ನಾನು ಕೆಲಸಕ್ಕೆ ಸೇರಿ ಆಗ ಎರಡನೆಯ ವರ್ಷ. ಹೊನ್ನಾವರದಲ್ಲಿ ರೂಮು ಮಾಡಿಕೊಂಡು ದಿನಾ ಭಟ್ಕಳದ ಬಸ್ಸು ಹಿಡಿಯುತ್ತಿದ್ದೆ. ನಡುದಾರಿಯಲ್ಲಿ ಹೆದ್ದಾರಿಯಲ್ಲೇ ಇಳಿದು, ಕಡಲ ಕಡೆಗೆ ಹೋಗುವ ರಸ್ತೆಯಲ್ಲಿ ಸ್ವಲ್ಪ ನಡೆದರೆ ನಮ್ಮ ಹೈಸ್ಕೂಲು. ಆ ವರ್ಷ ಶಾಲೆ ಶುರುವಾದ ವಾರದಲ್ಲೇ ಹೆಡ್‌ಮಾಸ್ತರು ನಮ್ಮನ್ನೆಲ್ಲ ಕರೆದು, ಇನ್ನು ಮೇಲೆ ಅಂಕಪಟ್ಟಿಯನ್ನು ಕೈಯಲ್ಲಿ ಬರೆಯುವುದು ಬೇಡ, ಎಲ್ಲ ಎಕ್ಸೆಲ್‌ನಲ್ಲಿ ಆಗಬೇಕು ಎಂದರು. ಎಲ್ಲರೂ ನನ್ನ ಮುಖ ನೋಡಿದರು.

"ಅಕ್ಕೋರೇ, ನೀವು ಸಣ್ಣ ಪ್ರಾಯದವ್ರು. ನಿಮ್ಗೆ ಬತ್ತದೆ" ಎಂದು ಹೆಡ್‌ಮಾಸ್ತರು ತೀರ್ಮಾನ ಮಾಡಿಬಿಟ್ಟರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರು, ಗಂಡಸರೆಲ್ಲ ಮಾಸ್ತರು. ನಾನು ಕನ್ನಡದ ಅಕ್ಕೋರು. ಎಕ್ಸೆಲ್‌ನಲ್ಲಿ ನನಗೆ ಬರುತ್ತಿದ್ದುದು ಹೆಸರು ಬರೆದು ಗೆರೆ ಹಾಕುವುದಷ್ಟೇ. ಬೇರೆ ದಾರಿ ಇರಲಿಲ್ಲ. ಮೊಬೈಲಿನಲ್ಲಿ ವೀಡಿಯೋ ನೋಡಿ ನೋಡಿ ಕಲಿತೆ. ಒಂದೊಂದು ವಿಷಯಕ್ಕೆ ಒಂದೊಂದು ಹಾಳೆ. ಎಡಗಡೆ ಮಕ್ಕಳ ಹೆಸರು, ಮೇಲೆ ಅಡ್ಡಕ್ಕೆ ಪರೀಕ್ಷೆಗಳು. ಕೊನೆಯ ಹಾಳೆಯಲ್ಲಿ ಎಲ್ಲ ವಿಷಯದ ಅಂಕಗಳೂ ಬಂದು ಕೂಡಿ, ಶ್ರೇಣಿ ತಾನಾಗಿ ಮೂಡಬೇಕು. ಮೊದಲ ಸಲ ಒಂದು ಅಂಕ ತಿದ್ದಿದಾಗ ಕೊನೆಯ ಹಾಳೆಯಲ್ಲಿ ಒಬ್ಬ ಹುಡುಗನ 'ಬಿ' ಹೋಗಿ 'ಎ' ಆದದ್ದನ್ನು ಕಂಡು ಒಬ್ಬಳೇ ಚಪ್ಪಾಳೆ ತಟ್ಟಿದ್ದೆ.

ಒಂಬತ್ತನೇ ಕ್ಲಾಸಿನಿಂದ ಶುರು ಮಾಡುವುದೆಂದಾಯಿತು. ಆ ಕ್ಲಾಸು ನೋಡಿಕೊಳ್ಳುತ್ತಿದ್ದವರು ಸಮಾಜ ವಿಜ್ಞಾನದ ಮಾಸ್ತರು. ನಮ್ಮಲ್ಲೆಲ್ಲ ಹಿರಿಯರು. ಮನೆ ಕಾಯ್ಕಿಣಿ. ಮೊದಲ ನೌಕರಿಗೆ ಸೇರಿದ್ದೇ ಈ ಶಾಲೆಯಲ್ಲಂತೆ. ಆಮೇಲೆ ಘಟ್ಟದ ಮೇಲೆ, ಕುಮಟಾದ ಕಡೆ ಎಲ್ಲೆಲ್ಲೋ ಸುತ್ತಿ, ನಿವೃತ್ತಿಗೆ ಮುಂಚೆ ತಿರುಗಿ ಇಲ್ಲಿಗೇ ಬಂದಿದ್ದರು. ಅದು ಅವರ ಕೊನೆಯ ವರ್ಷ. ಎತ್ತರದ ಆಳು, ಮಣಿಕಟ್ಟಿನ ತನಕ ಗುಂಡಿ ಹಾಕಿದ ಬಿಳಿ ಅಂಗಿ, ಮಾತು ಕಡಿಮೆ. ಅವರದ್ದೊಂದು ಅಭ್ಯಾಸ ನನಗೆ ಮೊದಮೊದಲು ನಗು ಬರಿಸುತ್ತಿತ್ತು. ಕಂಪ್ಯೂಟರ್ ಕೋಣೆಗೆ ಬರುವಾಗ, ಒಳಗೆ ಯಾರೂ ಇಲ್ಲದಿದ್ದರೂ, ಬಾಗಿಲಲ್ಲಿ ನಿಂತು ಒಮ್ಮೆ ಮೆಲ್ಲಗೆ ಕೆಮ್ಮುತ್ತಿದ್ದರು. ಹೆಂಗಸರು ಮಕ್ಕಳು ಇರುವ ಮನೆಯೊಳಗೆ ಕಾಲಿಡುವಾಗ ಗಂಡಸರು ಕೆಮ್ಮುತ್ತಾರಲ್ಲ, ಹಾಗೆ.

ಆ ಕೋಣೆ ಹಿಂದೆ ಒಂಬತ್ತನೇ ಕ್ಲಾಸು ಆಗಿತ್ತು. ಕಂಪ್ಯೂಟರು ಬಂದ ಮೇಲೆ ಕಳ್ಳರ ಭಯಕ್ಕೆ ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಹಿಂದಿನ ಮೂಲೆಯಲ್ಲಿ, ಕಿಟಕಿಯ ಬುಡಕ್ಕೆ, ಬ್ಯಾಟರಿಯ ಪೆಟ್ಟಿಗೆ ಇತ್ತು. ಕರೆಂಟು ಹೋದಾಗ ಅದು ಕುಂಯ್‌ ಕುಂಯ್‌ ಅನ್ನುತ್ತಿತ್ತು.

ಕೆಲಸದ ಕ್ರಮ ಹೀಗಿತ್ತು: ಮಾಸ್ತರು ಉತ್ತರ ಪತ್ರಿಕೆಗಳನ್ನು ಹೆಸರಿನ ಅಕ್ಷರದಂತೆ ಜೋಡಿಸಿಕೊಂಡು ನನ್ನ ಪಕ್ಕ ಕೂರುವುದು, ಹೆಸರು ಮತ್ತು ಅಂಕ ಓದುವುದು, ನಾನು ಟೈಪ್ ಮಾಡುವುದು. ನನ್ನ ಬೆರಳು ಕೀಲಿ ಒತ್ತಿದ ಸದ್ದು ಕೇಳುವ ತನಕ ಮುಂದಿನ ಹೆಸರು ಹೇಳುತ್ತಿರಲಿಲ್ಲ. ಕೆಳಗೆ ಮೊತ್ತ ತಾನಾಗಿ ಬೆಳೆಯುವುದನ್ನು ಮಗುವಿನ ಹಾಗೆ ನೋಡುತ್ತಿದ್ದರು.

"ತಂಗೀ, ನಾ ಇಷ್ಟು ವರ್ಷ ಬೆರಳು ಮಡಚಿ ಮಡಚಿ ಕೂಡಿಸ್ದೆ. ಇದು ನೋಡು, ಉಸಿರೂ ಬಿಡೂದಿಲ್ಲ" ಎಂದರು. ಬೇರೆಯವರ ಎದುರು ನಾನು ಅಕ್ಕೋರು. ಆ ಕೋಣೆಯಲ್ಲಿ ಮಾತ್ರ ತಂಗಿ.

ಮೊದಲ ಕಿರುಪರೀಕ್ಷೆಯ ಅಂಕ ಹಾಕುವ ದಿನ. ಗಂಡುಮಕ್ಕಳದ್ದು ಮುಗಿದು ಹೆಣ್ಣುಮಕ್ಕಳ ಹೆಸರಿಗೆ ಬಂದಿದ್ದೆವು. "ಮಮತಾ... ಹದಿನೆಂಟು" ಎಂದು ಆ ಪತ್ರಿಕೆಯನ್ನು ಮಗುಚಿ ಇಟ್ಟರು. ಆಮೇಲೆ ಅವರ ಬಲಗೈ ಬರಿದಾಗಿಯೇ ಮೇಲೆ ಬಂತು. ಹೆಬ್ಬೆರಳು ತೋರುಬೆರಳು ಕೂಡಿಕೊಂಡು, ನಡುವೆ ಒಂದು ಹಾಳೆ ಇದ್ದ ಹಾಗೆ. ಅದನ್ನೇ ಒಂದು ಗಳಿಗೆ ನೋಡಿ, "ಮಾದೇವಿ ಜಟ್ಟಯ್ಯ... ಹದಿನಾರು" ಎಂದರು.

ಹಾಜರಿಯಿಂದ ನಾನೇ ಇಳಿಸಿದ ಪಟ್ಟಿಯಲ್ಲಿ ಮಮತಾ ಆದ ಮೇಲೆ ಮಾಲಿನಿ. ಹೊಸದಾಗಿ ಸೇರಿದ ಹುಡುಗಿ ಇರಬೇಕು ಎಂದುಕೊಂಡು ಇಬ್ಬರ ನಡುವೆ ಒಂದು ಸಾಲು ಸೇರಿಸಿ, ಹೆಸರು ಬರೆದು, ಹದಿನಾರು ಎಂದು ಹಾಕಿದೆ. ಕೀಲಿಯ ಸದ್ದು ಕೇಳಿತು. ಅವರು ಕೈ ಇಳಿಸಿ, ಮಾಲಿನಿಯ ಪತ್ರಿಕೆ ಎತ್ತಿಕೊಂಡರು.

ಮರುದಿನ ಕ್ಲಾಸಿನಲ್ಲಿ ನೋಡಿದರೆ ಮಾದೇವಿ ಎಂಬ ಹುಡುಗಿಯೇ ಇರಲಿಲ್ಲ. ಮಕ್ಕಳನ್ನು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಯಸ್ಸಾದವರು, ಯಾವ ಕಾಲದ್ದೋ ಹೆಸರು ಬಾಯಿಗೆ ಬಂದಿರಬೇಕು ಎಂದುಕೊಂಡು, ಮಾಸ್ತರು ಚಾ ಕುಡಿಯಲು ಹೋದಾಗ ಆ ಸಾಲನ್ನು ಅಳಿಸಿದೆ. ಅಳಿಸಿದ್ದೇ, ಪರದೆಯ ತುಂಬ ತಪ್ಪಿನ ಗುರುತು. ಒಟ್ಟು ಇದ್ದಲ್ಲಿ, ಸರಾಸರಿ ಇದ್ದಲ್ಲಿ, ಕೊನೆಯ ಹಾಳೆಯಲ್ಲಿ ಪ್ರತಿಯೊಂದು ಮಗುವಿನ ಶ್ರೇಣಿ ಇದ್ದಲ್ಲಿ ಅದೇ ಗುರುತು. ಕಾರಣ ಆಮೇಲೆ ತಿಳಿಯಿತು. ಸೂತ್ರ ಬರೆಯಲು ಸರಿಯಾಗಿ ಬಾರದೆ, ಒಂದೊಂದೇ ಸಾಲನ್ನು, ಹೊಸದಾಗಿ ಸೇರಿಸಿದ್ದನ್ನೂ, ಕೂಡಿಸುವ ಚಿಹ್ನೆ ಹಾಕಿ ಪೋಣಿಸಿದ್ದೆ. ಒಂದು ತೆಗೆದರೆ ಉಳಿದದ್ದೆಲ್ಲ ಬಿಚ್ಚಿಕೊಳ್ಳುತ್ತಿತ್ತು. ಅದು ಆಮೇಲಿನ ಮಾತು. ಆ ಗಳಿಗೆಯಲ್ಲಿ ನನಗೆ ಕೇಳಿದ್ದು ಬಾಗಿಲಲ್ಲಿ ಒಂದು ಕೆಮ್ಮು.

"ಅವಳನ್ನ ತೆಗೆದ್ಯಾ, ತಂಗೀ?"

ಪರದೆಯ ಬೆನ್ನು ಬಾಗಿಲ ಕಡೆಗಿತ್ತು. ಅಲ್ಲಿಂದ ಅವರಿಗೆ ಏನೂ ಕಾಣುವಂತಿರಲಿಲ್ಲ. ಮಾಡಿದ್ದನ್ನು ಹಿಂದಕ್ಕೆ ತರುವ ಕೀಲಿ ಒತ್ತಿದೆ. ಸಾಲು ಬಂತು. ಅಂಕಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು.

"ಆತು" ಎಂದು ಅವರು ಬಂದು ಕೂತರು.

ಆಮೇಲೆ ಪ್ರತಿ ಪರೀಕ್ಷೆಯಲ್ಲೂ ಹಾಗೇ ಆಯಿತು. ನಾನು ಹೆಡ್‌ಮಾಸ್ತರಿಗೆ ಹೇಳಲಿಲ್ಲ. ಹೇಳಿದರೆ ನಿವೃತ್ತಿಯ ಹೊಸ್ತಿಲಲ್ಲಿ ಅವರ ಕೈಯಿಂದ ಕ್ಲಾಸು ತಪ್ಪುತ್ತಿತ್ತು. ಉಳಿದ ಮಕ್ಕಳ ಪತ್ರಿಕೆಗಳನ್ನು ಕದ್ದು ತೆಗೆದು ಮತ್ತೆ ಕೂಡಿಸಿ ನೋಡಿದ್ದೆ. ಅರ್ಧ ಅಂಕವೂ ಆಚೀಚೆ ಇರಲಿಲ್ಲ. ತಪ್ಪದ ಮನುಷ್ಯ ಒಂದು ಹೆಸರಿನಲ್ಲಿ ಮಾತ್ರ ಯಾಕೆ ತಪ್ಪುತ್ತಾರೆ? ಕೊನೆಗೊಂದು ದಿನ ಕೇಳಿಯೇಬಿಟ್ಟೆ.

ಅವರು ಬೇಸರಪಡಲಿಲ್ಲ. ಮೊದಲ ನೌಕರಿಯ ವರ್ಷದ ಹುಡುಗಿ ಎಂದರು. ಅಪ್ಪ ದೋಣಿಗೆ ಹೋಗುವವನು. ಅವಳು ಸಂಜೆ ಮನೆಗೆಲಸ ಎಲ್ಲ ಮುಗಿಸಿ ಓದುವವಳು, ಆದರೂ ಕ್ಲಾಸಿಗೆ ಅವಳೇ ಮುಂದು. ವಾರ್ಷಿಕ ಪರೀಕ್ಷೆಯ ಹಿಂದಿನ ದಿನ, ನಾಳೆ ಬೇಗ ಬಾ ಎಂದು ಇವರು ಹೇಳಿದ್ದರು. ಹೂಂ ಎಂದು ಹೋದವಳು ಬರಲಿಲ್ಲ. ಪರೀಕ್ಷೆ ಮುಗಿಸಿಕೊಂಡು ಇವರು ದಡದ ತನಕ ನಡೆದು ಹೋಗಿ ನೋಡಿದರೆ, ಮನೆಯ ಬಾಗಿಲಿಗೆ ಹಗ್ಗ ಕಟ್ಟಿತ್ತು. ಕೇರಿಯವರಲ್ಲಿ ಕೆಲವರು ಅವರೆಲ್ಲ ಊರು ಬಿಟ್ಟರು ಎಂದರು. ಕೆಲವರು ಹುಡುಗಿ ಹೊಳೆ ಪಾಲಾದಳು, ಅದಕ್ಕೇ ಊರು ಬಿಟ್ಟದ್ದು ಎಂದರು. ಯಾವುದು ಖರೆ ಎಂದು ಹೇಳುವವರೇ ಇರಲಿಲ್ಲ.

"ಗೈರು ಅಂತ ಬರದ್ರು ಅವಳ ಹೆಸ್ರಿನ ಮುಂದೆ. ನಾ ಬರೀಲಿಲ್ಲ, ಆಗಿನ ಹೆಡ್‌ಮಾಸ್ತರು ಬರದದ್ದು."

ಹಿಂದಿನ ಮೂಲೆಯ ಬ್ಯಾಟರಿ ಪೆಟ್ಟಿಗೆಯ ಕಡೆಗೆ ಗಲ್ಲ ಎತ್ತಿ ತೋರಿಸಿದರು. "ಅಲ್ಲೇ ಕೂತ್ಕೊಳ್ತಿತ್ತು. ನಾ ತಿರುಗಿ ಈ ಶಾಲೆಗೆ ಬಂದ ದಿನ ಬಾಗಿಲು ತೆಗೆದು ನೋಡ್ತೆ, ಕೂತದೆ. ಹೆದ್ರಿಕೆ ಎಂತದೂ ಇಲ್ಲ ತಂಗೀ. ಪರೀಕ್ಷೆ ಬರೀತದೆ, ಅಷ್ಟೇ."

ಅವತ್ತಿನಿಂದ ಆ ಮೂಲೆಗೆ ಬೆನ್ನು ಹಾಕಿ ಕೂರಲು ನನ್ನಿಂದ ಆಗಲಿಲ್ಲ. ಕುರ್ಚಿ ಓರೆ ಮಾಡಿಕೊಂಡೆ. ಕರೆಂಟು ಹೋಗಿ ಬ್ಯಾಟರಿ ಕೂಗಿದರೆ ಎದ್ದೇ ಬಿಡುತ್ತಿದ್ದೆ. ಒಬ್ಬಳೇ ಬರುವಾಗ ಬಾಗಿಲಲ್ಲಿ ನಾನೂ ಕೆಮ್ಮಲು ಶುರು ಮಾಡಿದ್ದೇನೆ ಎಂಬುದು ಗೊತ್ತಾದ ದಿನ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ, "ಹೆದ್ರಿಕೆ ಆದ್ರೆ ನಂಗೆ ಆಗ್ತಿಲ್ಲೆ ಹೇಳು. ಅದ್ರಲ್ಲಿ ಎಂತ ಇದ್ದು?" ಎಂದಳು. ಹೇಳಬಹುದಿತ್ತು. ಆದರೆ ಮಾಸ್ತರ ಆ ಬರಿಗೈ ಮೇಲೆ ಬಂದಾಗ ಅವರ ಮುಖ ಒಂದು ರೀತಿ ಬೆಳಗುತ್ತಿತ್ತು...

ಅರ್ಧವಾರ್ಷಿಕದಲ್ಲಿ ಅವರು ನಕ್ಕದ್ದು ನೆನಪಿದೆ. ಇಡೀ ವರ್ಷದಲ್ಲಿ ನಾನು ನೋಡಿದ ಒಂದೇ ನಗು. ಮಮತಾ ಆಗಿ, ಕೈ ಮೇಲೆ ಬಂದು, ಅದನ್ನು ಕಣ್ಣಿನ ಹತ್ತಿರ ತಂದುಕೊಂಡು, "ಇಲ್ಲಿ ನೋಡು ತಂಗೀ! ಭೂಪಟದಲ್ಲಿ ಕಾರವಾರವ ತಕಂಡು ಮೂಡಣ ಕಡಲಿಗೆ ಹಾಕಿದಾಳೆ. ದೋಣಿಯವನ ಮಗಳು!" ಎಂದು ನನ್ನ ಕಡೆ ಚಾಚಿದರು. ನಾನು ನೋಡಿದೆ. ಸೀಮೆಸುಣ್ಣ ಹತ್ತಿದ ಬೆರಳುಗಳು, ಅವುಗಳ ನಡುವೆ ಆಚೆಯ ಗೋಡೆ. ನಾನೂ ನಕ್ಕೆ. ಭೂಪಟದ ಅಂಕ ಕಳೆದು ಉಳಿದದ್ದನ್ನು ಹೇಳಿದರು, ಹಾಕಿದೆ. ಈ ಭೂಪಟದ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಅಮ್ಮನಿಗೂ.

ಮಾರ್ಚಿ ಬಂತು. ವಾರ್ಷಿಕ ಪರೀಕ್ಷೆ ಮುಗಿಯಿತು. ಒಂಬತ್ತನೇ ಕ್ಲಾಸಿನ ಅಂಕಗಳನ್ನೆಲ್ಲ ಮೇಲಿನ ಆಫೀಸಿಗೆ ಕಳಿಸಲು ಅದೇ ಕೊನೆಯ ದಿನ. ಮಕ್ಕಳಿಗೆ ರಜೆ, ಶಾಲೆ ಖಾಲಿ. ಬೆಳಗ್ಗೆ ನಾನು ಕೋಣೆಯ ಬಾಗಿಲು ತೆಗೆದದ್ದೇ ಸುರಗಿಯ ವಾಸನೆ ಮುಖಕ್ಕೆ ಹೊಡೆಯಿತು. ನನ್ನ ತಲೆಯಲ್ಲಿ ಹೂವಿರಲಿಲ್ಲ. ಕಸ ಗುಡಿಸುವವಳು ಎರಡು ದಿನದಿಂದ ಬಂದಿರಲಿಲ್ಲ. ಕಪಾಟಿನ ಹಿಂದೆ, ಮೇಜಿನ ಅಡಿ ಎಲ್ಲ ನೋಡಿದೆ. ಮೂಲೆಯ ಬ್ಯಾಟರಿ ಪೆಟ್ಟಿಗೆಯ ಹತ್ತಿರ ಹೋದಷ್ಟೂ ವಾಸನೆ ಗಾಢವಾಗುತ್ತಿತ್ತು. ಅಲ್ಲಿಗೆ ಹೋಗಿ ಮುಟ್ಟಲು ಧೈರ್ಯ ಸಾಲದೆ ಹಿಂದಕ್ಕೆ ಬಂದೆ.

ಬಾಗಿಲಲ್ಲಿ ಕೆಮ್ಮು. ಮಾಸ್ತರು ಒಳಗೆ ಕಾಲಿಟ್ಟು ಮೂಗರಳಿಸಿ ನಿಂತರು. "ಬಂದದೆ" ಎಂದರು, ಅಷ್ಟೇ.

ಓದು ಶುರುವಾಯಿತು. ಗಂಡುಮಕ್ಕಳು ಮುಗಿದರು. ಹೆಣ್ಣುಮಕ್ಕಳು. ಮಮತಾ. ಪತ್ರಿಕೆ ಮಗುಚಿ ಇಟ್ಟು ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತು, ಮೆಲ್ಲಗೆ ಇಳಿದು ಮೇಜಿನ ಮೇಲೆ ಕೂತಿತು.

"ಅವಳದ್ದು ಬರ್ಲಿಲ್ಲ ಇನ್ನೂ. ಕಾಯ್ವ."

ಕಾದೆವು. ಫ್ಯಾನು ತಿರುಗುತ್ತಿತ್ತು. ಮಾಲಿನಿಯ ಪತ್ರಿಕೆ ಅವರ ಕೈಯ ಕೆಳಗೇ ಇತ್ತು. ನಾನು ಎರಡು ಸಲ, "ಮಾಸ್ತರೇ, ಮುಂದಿಂದು ಹಾಕುವ, ಅದು ಆಮೇಲೆ ಹಾಕಿದ್ರಾತು" ಎಂದೆ. ಅವರು ತಲೆ ಅಲ್ಲಾಡಿಸಿದರು. ಬಿಸಿಲು ಏರಿ ಮಾಡಿನ ಹಂಚು ಚಟಗುಟ್ಟತೊಡಗಿತು. ಅಷ್ಟರಲ್ಲಿ ಹೆಡ್‌ಮಾಸ್ತರು ಬಂದರು. ಎಷ್ಟಾಯಿತು ಎಂದು ನನ್ನ ಹೆಗಲ ಮೇಲಿಂದ ಪರದೆಗೆ ಬಗ್ಗಿದವರು ಆ ಸಾಲನ್ನು ನೋಡಿಯೇ ಬಿಟ್ಟರು.

"ಇದ್ಯಾರು ಮಾದೇವಿ? ನಮ್ಮಲ್ಲಿ ಎಲ್ಲಿ ಅದೆ ಈ ಹೆಸ್ರು?"

ಹೆಡ್‌ಮಾಸ್ತರು ನಮ್ಮಿಬ್ಬರನ್ನೂ, ಮೇಜಿನ ಮೇಲಿದ್ದ ಆ ಬರಿಗೈಯನ್ನೂ ನೋಡಿದರು. ಅವರು ಕೆಟ್ಟವರಲ್ಲ. ದನಿ ತಗ್ಗಿಸಿ, "ಮಾಸ್ತರೇ, ನೀವು ಮನೆಗೆ ಹೋಗಿ. ಇಷ್ಟು ವರ್ಷ ದುಡದದ್ದು ಸಾಕು. ಉಳಿದದ್ದು ಅಕ್ಕೋರು ಮಾಡ್ತ್ರು" ಎಂದು ಪತ್ರಿಕೆಗಳ ಮೇಲೆ ಕೈಯಿಟ್ಟರು. ಮಾಸ್ತರು ಬಿಡಲಿಲ್ಲ. ಒಂದು ಪತ್ರಿಕೆಯ ರಾಶಿ, ಎರಡೂ ಕಡೆಯಿಂದ ಹಿಡಿದ ಇಬ್ಬರು ತಲೆ ನರೆತ ಗಂಡಸರು. ನಾನು ಎದ್ದು ನಿಂತೆ. ಏನು ಮಾಡಬೇಕೋ ತಿಳಿಯಲಿಲ್ಲ.

ಮಾಸ್ತರು ಹೆಡ್‌ಮಾಸ್ತರ ಕಡೆ ನೋಡಲೇ ಇಲ್ಲ. ನನಗೆ ಹೇಳಿದರು: "ಗೈರು ಅಂತ ಬರೀಬೇಡ ತಂಗೀ. ಒಂದ್ಸಲ ಬರದಾತು."

ಆಗಲೇ ಹೊರಗಿನ ಜಗಲಿಯಿಂದ ಹೆಂಗಸಿನ ದನಿ ಕೇಳಿದ್ದು. "ಅಕ್ಕೋರೇ... ಯಾರಾದ್ರೂ ಇದ್ರಾ?"

ಐವತ್ತರ ಹತ್ತಿರದ ಹೆಂಗಸು. ಚಪ್ಪಲಿ ಹೊರಗೇ ಬಿಟ್ಟು, ಕೈಯಲ್ಲಿ ಕಾಗದ ತುಂಬಿದ ಪ್ಲಾಸ್ಟಿಕ್ ಕೊಟ್ಟೆ ಹಿಡಿದು, ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದಳು. ತುರುಬಿನಲ್ಲಿ ಸುರಗಿ ದಂಡೆ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ತಾರೀಕು ತಪ್ಪಾಗಿದೆ, ತಿದ್ದಿಸಲು ಶಾಲೆಯ ಕಾಗದ ಬೇಕು ಎಂದಳು. ಇದೇ ಶಾಲೆಯಲ್ಲಿ ಓದಿದವಳು, ಈಗ ಹಿರೇಗುತ್ತಿಯಲ್ಲಿ ಮನೆ, ಆಫೀಸಿನಲ್ಲಿ ಯಾರೂ ಕಾಣಲಿಲ್ಲ, ಇಲ್ಲಿ ಮಾತು ಕೇಳಿ ಬಂದೆ ಎಂದಳು. ಹೆಡ್‌ಮಾಸ್ತರು ಪತ್ರಿಕೆಯಿಂದ ಕೈ ತೆಗೆದು, ಇಂಥ ಹೊತ್ತಿನಲ್ಲಿ ಬಂದಳಲ್ಲ ಎಂಬಂತೆ, "ಎಂತ ಹೆಸ್ರು ನಿಮ್ದು?" ಎಂದರು.

"ಮಾದೇವಿ. ಅಪ್ಪನ ಹೆಸ್ರು ಜಟ್ಟಯ್ಯ."

ಮಾದೇವಿ ಎಂಬ ಹೆಸರು ನಮ್ಮ ಕಡೆ ಕೇರಿಗೆ ನಾಲ್ಕು ಸಿಗುತ್ತದೆ, ಜಟ್ಟಯ್ಯನೂ ಹಾಗೇ. ಇದನ್ನು ನಾನು ಆಮೇಲೆ ನೂರು ಸಲ ನನಗೇ ಹೇಳಿಕೊಂಡಿದ್ದೇನೆ. ಆ ಹೊತ್ತಿನಲ್ಲಿ ಪರದೆಯ ಮೇಲಿನ ಆ ಎರಡು ಹೆಸರು, ಬಾಗಿಲಲ್ಲಿ ನಿಂತ ಆ ಹೆಂಗಸು, ಎರಡನ್ನೂ ನೋಡುತ್ತ ಹೆಡ್‌ಮಾಸ್ತರು ಮೆಲ್ಲಗೆ ನನ್ನ ಕುರ್ಚಿಯಲ್ಲಿ ಕೂತುಬಿಟ್ಟರು.

ಮಾಸ್ತರು ಎದ್ದು ನಿಂತಿದ್ದರು. ಬೆರಗು ಇರಲಿಲ್ಲ ಅವರ ಮುಖದಲ್ಲಿ. ತಡವಾಗಿ ಬಂದ ಹುಡುಗಿಯನ್ನು ಗದರಿಸುವ ದನಿಯಲ್ಲಿ, "ಎಷ್ಟು ತಡ ಮಾಡ್ದ್ಯೇ, ಮಾದೇವೀ" ಎಂದರು.

ಅವಳು ದಾರಂದ ಬಿಟ್ಟು ನೆಟ್ಟಗಾದಳು. ಸೆರಗು ಸರಿ ಮಾಡಿಕೊಂಡಳು.

"ಮಾಸ್ತರೇ... ನೀವು ಇನ್ನೂ ಇಲ್ಲೇ ಇದ್ರಿ?"

"ಪರೀಕ್ಷೆ ಬರದ್ಯಾ?"

ಈ ಪ್ರಶ್ನೆಗೆ ಯಾರಾದರೂ ನಗಬೇಕು, ಇಲ್ಲ ಎಂತ ಪರೀಕ್ಷೆ ಎಂದು ಕೇಳಬೇಕು. ಅವಳು ಎರಡನ್ನೂ ಮಾಡಲಿಲ್ಲ. ಕೈ ಕಟ್ಟಿ ನಿಂತು ಹೇಳಿದಳು: "ಬರದೆ ಮಾಸ್ತರೇ. ಕನಸಲ್ಲಿ ದಿನಾ ಬರೀತಿದ್ದೆ. ನಾನು, ನೀವು ಇಬ್ರೇ ಇರೂದು ಕ್ಲಾಸಲ್ಲಿ. ಮೊನ್ನೆ ಎಲ್ಲಾ ಬರದು ಮುಗಿಸ್ದೆ. ಹಿಂದಿನ ಸಲದ್ದು ಭೂಪಟ ಒಂದೇ ತಪ್ಪಾತು. ಕನಸಲ್ಲಿ ನಮ್ಮ ಕಡಲಲ್ಲೇ ಸೂರ್ಯ ಹುಟ್ತಿದ್ದ. ಅದಕ್ಕೇ ಕಾರವಾರವ ಆ ಬದಿಗೆ ಹಾಕ್ದೆ."

ಹೆಡ್‌ಮಾಸ್ತರಿಗೆ ಆ ಮಾತಿನ ಅರ್ಥ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಭೂಪಟದ ಸಂಗತಿ ಗೊತ್ತಿದ್ದವರು ಇಬ್ಬರೇ. ನಾನು ಮಾಸ್ತರ ಕಡೆ ನೋಡಿದೆ. ಅವರು ಕೂತು, ಬಲಗೈ ಎತ್ತಿ, ಬೆರಳು ಕೂಡಿಸಿ, ಈ ಸಲ ಬಹಳ ಹೊತ್ತು ನೋಡಿದರು. ಹಾಳೆ ಮಗುಚುವಂತೆ ಮಣಿಕಟ್ಟು ತಿರುಗಿಸಿ ಹಿಂದಿನ ಪುಟವನ್ನೂ ನೋಡಿದರು.

"ಮಾದೇವಿ ಜಟ್ಟಯ್ಯ... ಅರವತ್ತೆಂಟು" ಎಂದರು. ಆಮೇಲೆ ಅವಳ ಕಡೆ ತಿರುಗಿ, "ಪಾಸಾಯ್ದೆ. ಹತ್ತಕ್ಕೆ ಹೋಗು."

ನಾನು ನಿಂತುಕೊಂಡೇ, ಹೆಡ್‌ಮಾಸ್ತರನ್ನು ದಾಟಿ ಕೈ ಚಾಚಿ ಅಂಕ ಹಾಕಿದೆ. ಕೀಲಿಯ ಸದ್ದು ಆಯಿತು. ಮಾಸ್ತರು ಮಾಲಿನಿಯ ಪತ್ರಿಕೆ ಎತ್ತಿಕೊಂಡು ಓದಿದರು. ಅಲ್ಲಿಂದ ಕೊನೆಯ ಹೆಸರಿನ ತನಕ ಎಲ್ಲೂ ನಿಲ್ಲಲಿಲ್ಲ.

ಹೆಡ್‌ಮಾಸ್ತರೇ ಆಫೀಸಿಗೆ ಹೋಗಿ ಹಳೆಯ ದಾಖಲೆ ಹುಡುಕಿ ಅವಳ ಕಾಗದ ಮಾಡಿಕೊಟ್ಟರು. ಅಷ್ಟು ಹೊತ್ತು ನಾನು, ಅವಳು ಜಗಲಿಯಲ್ಲಿ ಕೂತಿದ್ದೆವು. ನೀರು ಕೊಟ್ಟೆ. ಕುಡಿದು ಹೇಳಿದಳು. ಅಪ್ಪನಿಗೆ ರತ್ನಾಗಿರಿಯ ಕಡೆ ದೋಣಿಯಲ್ಲಿ ಕೆಲಸ ಸಿಕ್ಕಿತ್ತು. ಬೆಳಕು ಹರಿಯುವ ಮೊದಲೇ ಎಲ್ಲರನ್ನೂ ಹೊರಡಿಸಿದ. ಇವತ್ತು ಪರೀಕ್ಷೆ ಅದೆ ಎಂದು ಇವಳು ಅತ್ತದ್ದಕ್ಕೆ ಅವನು, ಅಲ್ಲೂ ಶಾಲೆ ಅದೆ ಎಂದ. ಅಲ್ಲಿ ಶಾಲೆ ಇತ್ತು, ಮರಾಠಿ ಶಾಲೆ. ಇವಳು ಹೋಗಲಿಲ್ಲ. ಅಲ್ಲೇ ಮದುವೆಯಾಗಿ, ಮೂರು ನಾಲ್ಕು ವರ್ಷದ ಹಿಂದೆ ಗಂಡನ ಊರು ಹಿರೇಗುತ್ತಿಗೆ ತಿರುಗಿ ಬಂದದ್ದು. ಬಂದ ಮೇಲೇ ಕನಸು ಶುರುವಾದದ್ದು.

"ಬೆಳಿಗ್ಗೇ ಬಂದಿದ್ದೆ ಅಕ್ಕೋರೇ. ಒಳಗೆ ಬರೂಕೆ ಹೆದ್ರಿಕೆ ಆಗಿ ಆ ಗೋಡೆ ಹಿಂದೆ ಕೂತಿದ್ದೆ" ಎಂದು ಕಂಪ್ಯೂಟರ್ ಕೋಣೆಯ ಹಿಂಬದಿಯನ್ನು ತೋರಿಸಿದಳು. ಬ್ಯಾಟರಿ ಪೆಟ್ಟಿಗೆ ಇದ್ದ ಮೂಲೆಯ ಆಚೆ ಬದಿ. ವಾಸನೆಗೆ ಒಂದು ಕಾರಣ ಸಿಕ್ಕಿತು ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಲ್ಲಿನ ಕಿಟಕಿಗೆ ಮೊಳೆ ಹೊಡೆದದ್ದು ಆಮೇಲಷ್ಟೇ ನೆನಪಾಯಿತು. ಪರೀಕ್ಷೆಯ ಕನಸು ಯಾರಿಗೆ ಬೀಳುವುದಿಲ್ಲ, ಅದೂ ಸರಿ. ಭೂಪಟಕ್ಕೆ ಮಾತ್ರ ನನಗೆ ಇಂದಿಗೂ ಕಾರಣ ಸಿಕ್ಕಿಲ್ಲ.

ಸಂಜೆ ಅಂಕಗಳನ್ನು ಕಳಿಸುವ ಮೊದಲು ಆ ಸಾಲನ್ನು ಅಳಿಸಿದೆ. ಕಣ್ಣು ಮುಚ್ಚಿಕೊಂಡೇ ಅಳಿಸಿದೆ. ತಪ್ಪಿನ ಗುರುತು ಬರಲಿಲ್ಲ. ಅಷ್ಟರಲ್ಲಿ ಸೂತ್ರ ಸರಿಯಾಗಿ ಬರೆಯಲು ಕಲಿತಿದ್ದೆ, ಅದಕ್ಕೇ ಇರಬೇಕು... ಮಾಸ್ತರು ನಿವೃತ್ತಿಯ ತನಕ ಎಷ್ಟೋ ಸಲ ಆ ಕೋಣೆಗೆ ಬಂದರು. ಬಾಗಿಲಲ್ಲಿ ಕೆಮ್ಮಲಿಲ್ಲ. ಸೀದಾ ಒಳಗೆ ಬರುತ್ತಿದ್ದರು. ಅದನ್ನು ಕಂಡು ನನಗೆ ನೆಮ್ಮದಿಯಾಗಬೇಕಿತ್ತು. ಕೋಣೆ ಬರಿದಾಯಿತು ಅನ್ನಿಸುತ್ತಿತ್ತು.

ಆಮೇಲೆ ನನಗೆ ಕುಮಟಾದ ಕಡೆ ವರ್ಗವಾಯಿತು. ಕಾಯ್ಕಿಣಿಯ ಮನೆಗೆ ಆಗಾಗ ಹೋಗಿ ಅವರನ್ನು ಮಾತಾಡಿಸಿ ಬರುತ್ತಿದ್ದೆ. ಪುನರ್ಪುಳಿ ಶರಬತ್ತು ಕೊಟ್ಟು, "ಈಗ್ಲೂ ಅದೇ ಕೂಡಿಸ್ತದಾ?" ಎಂದು ಕೇಳುತ್ತಿದ್ದರು. ಮಾದೇವಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಳೆದ ದೀಪಾವಳಿ ಆಗಿ ಸ್ವಲ್ಪ ದಿನಕ್ಕೆ ಅವರ ಮಗಳು ಫೋನ್ ಮಾಡಿದರು. ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲವಂತೆ. ಹೋಗಿ ಮುಖ ನೋಡಿ ಬಂದೆ. ಮಲಗಿದ ಮೈಗೂ ಮಣಿಕಟ್ಟಿನ ತನಕ ಬಿಳಿ ಅಂಗಿ ತೊಡಿಸಿದ್ದರು.

ಮಾದೇವಿಗೆ ತಿಳಿಸಬೇಕು ಅನ್ನಿಸಿತು. ಅವಳಿಗೂ ಅವರಿಗೂ ಏನು ಸಂಬಂಧ ಎಂದು ಗೊತ್ತಿದ್ದವಳು ನಾನೊಬ್ಬಳೇ. ಮರುದಿನ ಹಿರೇಗುತ್ತಿಯಲ್ಲಿ ಇಳಿದು, ಕೇಳಿಕೊಂಡು ಅವಳ ಮನೆಗೆ ಹೋದೆ. ಅಂಗಳದಲ್ಲಿ ಹಾಸಿದ ಬಲೆಯ ಮೇಲೆ ಸಿಗಡಿ ಹರಡುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು, ಕೈ ಒರೆಸಿಕೊಂಡಳು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

"ಮಾಸ್ತರು ಹೋದ್ರಲ್ದಾ, ಅಕ್ಕೋರೇ?"

ಯಾರು ಹೇಳಿದರು ಎಂದೆ.

"ನಿನ್ನೆ ಮಧ್ಯಾಹ್ನ ಒಂದು ಚೂರು ಕಣ್ಣು ಹತ್ತಿತ್ತು. ಮತ್ತೆ ಅದೇ ಕ್ಲಾಸು. ಎಷ್ಟೋ ವರ್ಷ ಆಗಿತ್ತು ಆ ಕನಸು ಬೀಳದೆ. ಗಂಟೆ ಹೊಡೀತು. ನನ್ನ ಕೈಯಿಂದ ಪತ್ರಿಕೆ ತಕಂಡ್ರು, ದಾರ ಕಟ್ಟಿ ಕಂಕುಳಲ್ಲಿ ಇಟ್ಕಂಡ್ರು. ಆತು, ಇನ್ನು ಮನೆಗೆ ಹೋಗು ಮಗಾ, ನಾನೂ ಹೋಗ್ತೆ ಅಂದ್ರು. ಕಿಟಕಿ ಎಲ್ಲಾ ಅವ್ರೇ ತೆಗೆದು ಹೋದ್ರು. ಏಳೂವಾಗ ಹೆದ್ರಿಕೆ ಆಗ್ಲೇ ಇಲ್ಲ."

ಇಬ್ಬರೂ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತೆವು. ಅವಳು ಅತ್ತಳು, ನಾನೂ ಅತ್ತೆ. ಅವಳ ಮುಖದಲ್ಲಿ ದುಃಖದ ಜೊತೆಗೆ ಒಂದು ತೃಪ್ತಿ ಇತ್ತು. ಅವರು ಹೇಳಿ ಹೋದರಲ್ಲ.

ಈಗ ನನ್ನ ಶಾಲೆಯಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಅಂಕ ತಾವೇ ಮೊಬೈಲಿನಲ್ಲೇ ಹಾಕುತ್ತಾರೆ. ಪಕ್ಕದಲ್ಲಿ ಕೂತು ಹೆಸರು ಓದುವವರು ಬೇಕಿಲ್ಲ. ಹೊಸ ಹುಡುಗಿಯರಿಗೆ ಸೂತ್ರ ಬರೆಯುವುದನ್ನು ನಾನೇ ಕಲಿಸುತ್ತೇನೆ. ಇಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ವೀಡಿಯೋ ನೋಡಿ ಎನ್ನುತ್ತೇನೆ. ಒಬ್ಬರು ಹೆಸರು ಹೇಳಿ, ಕೀಲಿಯ ಸದ್ದಿಗೆ ಕಿವಿ ಕೊಟ್ಟು ಕಾಯುತ್ತಿದ್ದರು ಎಂದು ಹೇಗೆ ಹೇಳುವುದು...

ಇಡೀ ಒಂದು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತವಳು ನಾನು. ಅವರು ಹೋಗಿ ಇಷ್ಟು ತಿಂಗಳಾಯಿತು, ನನ್ನ ಕನಸಿಗೆ ಒಮ್ಮೆಯೂ ಬಂದಿಲ್ಲ. ಬಂದಾರು ಎಂದುಕೊಂಡರೆ ಹೆದರಿಕೆ. ಬಾರದೆ ಇದ್ದದ್ದಕ್ಕೆ ಅಳು ಬರುತ್ತದೆ.